ಆಟಿಕೆ ಕಚ್ಚಿದ ಮಗುವಿನ ರಕ್ತಪರೀಕ್ಷೆ: ಖರ್ಚು ಯಾರದು?

ಪ್ರಶ್ನೆ: ನಾವು ಡೊಂಬಿವಲಿಯವರು. ಮಗಳಿಗೆ ಈಗ 22 ತಿಂಗಳು. ಅವಳ ಮೊದಲ ಹುಟ್ಟುಹಬ್ಬಕ್ಕೆ ನನ್ನ ಅಣ್ಣ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಅಂಗಡಿಯೊಂದರಿಂದ ಹಳದಿ ಬಣ್ಣದ ಮರದ ಬಾತುಕೋಳಿಯನ್ನು ತಂದುಕೊಟ್ಟಿದ್ದ. ಹಲ್ಲು ಬರುವ ದಿನಗಳಲ್ಲಿ ಅವಳು ಅದರ ಕೊಕ್ಕನ್ನು ಬಿಡದೆ ಕಡಿಯುತ್ತಿದ್ದಳು. ಒಂದು ದಿನ ತುಟಿಯ ಮೇಲೆ ಹಳದಿ ಚಕ್ಕೆ ಕಂಡು ನೋಡಿದರೆ, ಕೊಕ್ಕಿನ ಬಣ್ಣ ಹೋಗಿ ಮರ ಕಾಣುತ್ತಿತ್ತು. ಪೆಟ್ಟಿಗೆಯ ಮೇಲೆ ಐಎಸ್‌ಐ ಗುರುತಾಗಲಿ ತಯಾರಕರ ಹೆಸರಾಗಲಿ ಇಲ್ಲ. ಮಕ್ಕಳ ಡಾಕ್ಟರು ಬರೆದುಕೊಟ್ಟ ರಕ್ತಪರೀಕ್ಷೆಯಲ್ಲಿ ಪ್ರತಿ ಡೆಸಿಲೀಟರಿಗೆ 8 ಮೈಕ್ರೋಗ್ರಾಂ ಸೀಸ ಇದೆಯೆಂದು ಬಂದಿದ್ದು, ಮೂರು ತಿಂಗಳೊಳಗೆ ಮತ್ತೆ ಪರೀಕ್ಷೆ ಮಾಡಿಸಬೇಕಂತೆ. ಅಂಗಡಿಯವರು ಬೇರೆ ಆಟಿಕೆ ಕೊಡಲು ಸಿದ್ಧರಿದ್ದಾರೆ. ಪರೀಕ್ಷೆಯ ಖರ್ಚನ್ನು ತಯಾರಕರ ಹತ್ತಿರ ಕೇಳಿ ಎನ್ನುತ್ತಾರೆ. ಯಜಮಾನರ ಆಫೀಸಿನ ವಿಮೆಯವರೂ ಕೊಡಲಿಲ್ಲ. ಹಾಗಾದರೆ ಖರ್ಚು ಯಾರ ಪಾಲಿಗೆ? – ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮುಂದಿನ ಪರೀಕ್ಷೆಯ ಹಣವನ್ನೂ ಸದ್ಯಕ್ಕೆ ನೀವೇ ಕಟ್ಟಬೇಕಾಗುತ್ತದೆ, ಮತ್ತು ದೂರು ತೀರ್ಮಾನವಾಗಲಿ ಎಂದು ಕಾಯುತ್ತ ಆ ಪರೀಕ್ಷೆಯನ್ನು ಮುಂದೂಡಬಾರದು. ಆದರೆ ಕಟ್ಟಿದ್ದನ್ನು ಮರಳಿ ಕೇಳುವ ಹಕ್ಕು ನಿಮಗಿದೆ, ಮತ್ತು ತಯಾರಕರನ್ನು ಕೇಳಿ ಎಂಬ ಅಂಗಡಿಯವರ ಮಾತು ನಿಮ್ಮ ವಿಷಯದಲ್ಲಿ ನಿಲ್ಲುವಂಥದ್ದಲ್ಲ.

2020ರ ಜುಲೈ 20ರಿಂದ ಜಾರಿಯಲ್ಲಿರುವ ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರ ಆರನೆಯ ಅಧ್ಯಾಯವು ದೋಷವಿರುವ ಉತ್ಪನ್ನದಿಂದಾದ ಹಾನಿಗೆ ತಯಾರಕರನ್ನೂ ಮಾರಾಟಗಾರರನ್ನೂ ಹೊಣೆ ಮಾಡುತ್ತದೆ. ದೇಹಕ್ಕಾದ ಗಾಯ, ಕಾಯಿಲೆ ಹಾಗೂ ಅದರ ಜೊತೆಗೆ ಬಂದ ಮಾನಸಿಕ ಯಾತನೆ ಇವೆಲ್ಲವೂ ಅಲ್ಲಿ ಹೇಳಿರುವ ಹಾನಿಯೊಳಗೆ ಸೇರುತ್ತವೆ. ಮಾರಾಟಗಾರರ ಕುರಿತ 86ನೆಯ ಸೆಕ್ಷನ್ನು ನಿಮಗೆಂದೇ ಬರೆದಂತಿದೆ: ತಯಾರಕರು ಯಾರೆಂದು ತಿಳಿಯದಿದ್ದರೆ, ಅಥವಾ ತಿಳಿದರೂ ಅವರಿಗೆ ನೋಟಿಸು ತಲುಪಿಸಲಾಗದಿದ್ದರೆ, ಸರಕನ್ನು ಮಾರಿದವರೇ ಹೊಣೆಯಾಗುತ್ತಾರೆ. ಹೆಸರಿಲ್ಲದ ಪೆಟ್ಟಿಗೆಯನ್ನು ಗಲ್ಲಾಪೆಟ್ಟಿಗೆಯ ಮುಂದಿಟ್ಟು ಮಾರಿದವರು ಈಗ ಹೆಸರಿಲ್ಲದ ತಯಾರಕರ ಕಡೆಗೆ ಕೈ ತೋರಿಸಿದರೆ ಅದು ಅವರ ಮೇಲೆಯೇ ತಿರುಗುತ್ತದೆ. ಕೊಂಡವನು ನಿಮ್ಮ ಅಣ್ಣ ಎಂಬುದೂ ಅಡ್ಡಿಯಲ್ಲ. ಕೊಂಡವರ ಒಪ್ಪಿಗೆಯಿಂದ ಸರಕನ್ನು ಬಳಸಿದವರೂ ಗ್ರಾಹಕರೇ, ಮತ್ತು ಮಗುವಿನ ಪರವಾಗಿ ತಾಯಿ ಅಥವಾ ತಂದೆ ದೂರು ಕೊಡಬಹುದು.

ವಿಮೆಯವರ ನಿರಾಕರಣೆ ಮನಸ್ಸಿಗೆ ನೋವಾದರೂ ನಿಯಮದ ಪ್ರಕಾರವೇ ಇದೆ. ಸಾಮಾನ್ಯ ಆರೋಗ್ಯ ವಿಮೆ ಆಸ್ಪತ್ರೆಗೆ ದಾಖಲಾದವರ ಚಿಕಿತ್ಸೆಗಾಗಿ ಇರುವಂಥದ್ದು. ಬರೀ ಪರೀಕ್ಷೆಗೆಂದು ದಾಖಲಾದರೂ ಕೊಡುವುದಿಲ್ಲವೆಂದು ಪಾಲಿಸಿಯಲ್ಲೇ ಬರೆದಿರುತ್ತಾರೆ. ಹೊರರೋಗಿ ಖರ್ಚಿನ ಸೌಲಭ್ಯ ಪ್ರತ್ಯೇಕವಾಗಿ ಇದೆಯೇ ಎಂದು ಯಜಮಾನರು ಆಫೀಸಿನಲ್ಲಿ ಒಮ್ಮೆ ವಿಚಾರಿಸಲಿ.

ಇನ್ನು ಐಎಸ್‌ಐ ಗುರುತಿನ ವಿಷಯ. 2021ರ ಜನವರಿ 1ರಿಂದ, 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಆ ಗುರುತು ಕಡ್ಡಾಯ. ಅದಿಲ್ಲದ್ದನ್ನು ಮಾರುವುದೇ ಅಪರಾಧ, ಮೊದಲ ಸಲಕ್ಕೇ ದಂಡ 2 ಲಕ್ಷ ರೂಪಾಯಿಗೆ ಕಡಿಮೆಯಿಲ್ಲ ಅಥವಾ ಎರಡು ವರ್ಷದವರೆಗೆ ಸೆರೆ. ಹಾಗೆಂದು ಗುರುತಿಲ್ಲದ ಎಲ್ಲ ಮರದ ಗೊಂಬೆಗಳನ್ನೂ ಅನುಮಾನಿಸಬೇಕಿಲ್ಲ. ಭೌಗೋಳಿಕ ಗುರುತು (ಒಂದು ಊರಿನ ವಿಶಿಷ್ಟ ಸರಕಿಗೆ ಸಿಗುವ ಜಿಐ ಮಾನ್ಯತೆ) ಪಡೆದ, ನೋಂದಾಯಿತ ಕುಶಲಕರ್ಮಿಗಳು ತಯಾರಿಸುವ ನಮ್ಮ ಚನ್ನಪಟ್ಟಣದ ಗೊಂಬೆಗಳಂಥವಕ್ಕೆ ವಿನಾಯಿತಿ ಇದೆ. ನಿಮ್ಮ ಅಂಗಡಿಯವರು ಅದೇ ವಿನಾಯಿತಿಯ ನೆಪ ಹೇಳಿದರೆ ನೋಂದಣಿಯ ಕಾಗದ ತೋರಿಸಿ ಎನ್ನಿ.

ನಿಜವಾದ ಜಗ್ಗಾಟ ನಡೆಯುವುದು ಬೇರೆ ಕಡೆ. "ಸೀಸ ನಮ್ಮ ಆಟಿಕೆಯಿಂದಲೇ ಬಂತು ಎನ್ನುವುದಕ್ಕೆ ಏನು ಆಧಾರ?" ಎಂದು ಎದುರು ವಕೀಲರು ಕೇಳಿಯೇ ಕೇಳುತ್ತಾರೆ, ಮತ್ತು ಅದು ಸುಮ್ಮನೆ ತಳ್ಳಿಹಾಕುವ ಪ್ರಶ್ನೆಯಲ್ಲ. ಬಣ್ಣ ಏರಲೆಂದು ಕಲಬೆರಕೆ ಮಾಡಿದ ಬಿಡಿ ಅರಿಸಿನಪುಡಿ, ಕುಂಕುಮ, ಹಳೆಯ ಕಟ್ಟಡದ ಕಿಟಕಿ ಚೌಕಟ್ಟಿನಿಂದ ಉದುರುವ ಪೇಂಟು, ಬ್ಯಾಟರಿ ಕೆಲಸ ಮಾಡುವವರ ಬಟ್ಟೆಯ ಧೂಳು – ಇವೆಲ್ಲದರಲ್ಲೂ ಸೀಸ ಇರಬಹುದು. ಆದ್ದರಿಂದ ಮನೆಯಲ್ಲಿ ಇಂಥವು ಇವೆಯೇ ಇಲ್ಲವೇ ಎಂಬುದನ್ನು ಡಾಕ್ಟರು ಕೇಳಿ ತಮ್ಮ ಚೀಟಿಯಲ್ಲೇ ಬರೆಯುವಂತೆ ವಿನಂತಿಸಿಕೊಳ್ಳಿ. ಮಗುವಿನ ಕ್ಷೇಮಕ್ಕೂ ಅದು ಬೇಕು, ಏಕೆಂದರೆ ಮೂಲ ಬೇರೆಯಾಗಿದ್ದರೆ ಬಾತುಕೋಳಿಯನ್ನು ದೂರ ಇಟ್ಟಮೇಲೂ ಸೀಸ ಒಳಗೆ ಹೋಗುತ್ತಲೇ ಇರುತ್ತದೆ. ರಕ್ತದಲ್ಲಿನ ಸೀಸ ಸುಮಾರು ಒಂದು ತಿಂಗಳಿಗೆ ಅರ್ಧದಷ್ಟಾಗುತ್ತದೆ, ಮೂಳೆ ಸೇರಿದ್ದು ವರ್ಷಗಟ್ಟಲೆ ಉಳಿಯುತ್ತದೆ. ಆಟಿಕೆ ತೆಗೆದ ಮೇಲೆ ಅಂಕಿ ಇಳಿದರೆ ನಿಮ್ಮ ವಾದಕ್ಕೆ ಅದೊಂದು ಒತ್ತಾಸೆ. ಎರಡನೆಯ ಪರೀಕ್ಷೆಯನ್ನು ಬೆರಳು ಚುಚ್ಚಿ ಮಾಡಿಸದೆ ರಕ್ತನಾಳದಿಂದಲೇ ರಕ್ತ ತೆಗೆಸಿ. ಬೆರಳಿಗೆ ಅಂಟಿದ ಧೂಳಿನಿಂದ ಲೆಕ್ಕ ತಪ್ಪುವುದುಂಟು. ಪ್ರಮಾಣ 5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೂಲ ಹುಡುಕಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಮಕ್ಕಳಿಗೆ ದೇಹದಿಂದ ಸೀಸ ತೆಗೆಯುವ ಔಷಧಿಯ ಸಲಹೆ ಇರುವುದು 45ರಿಂದ ಮೇಲಕ್ಕೆ. ನಿಮ್ಮ 8 ಎಚ್ಚರಿಕೆ ಬೇಡುವ ಅಂಕಿ, ಗಾಬರಿ ಬೇಡ.

ಬಾತುಕೋಳಿಯನ್ನು ತೊಳೆಯಬೇಡಿ, ಬದಲಿ ಆಟಿಕೆಯ ಆಸೆಗೆ ಅಂಗಡಿಗೆ ಹಿಂತಿರುಗಿಸಲೂ ಬೇಡಿ. ಅದು ಕೈಬಿಟ್ಟರೆ ನಿಮ್ಮ ಸಾಕ್ಷಿಯೇ ಹೋದಂತೆ. ಪೆಟ್ಟಿಗೆಯ ಸಮೇತ ಕವರಿನಲ್ಲಿ ಹಾಕಿ, ಅಂಟಿಸಿ, ತಾರೀಖು ಬರೆದಿಡಿ. ದೂರು ವಿಚಾರಿಸುವ ಗ್ರಾಹಕರ ಆಯೋಗವು ಅದನ್ನು ಸೂಕ್ತ ಪ್ರಯೋಗಾಲಯಕ್ಕೆ ಕಳುಹಿಸಬಲ್ಲದು. ವರದಿಗೆ ಸಾಮಾನ್ಯವಾಗಿ 45 ದಿನಗಳ ಗಡುವು. ಆ ಪರೀಕ್ಷೆಯ ಶುಲ್ಕವನ್ನೂ ಮೊದಲು ದೂರುದಾರರೇ ಕಟ್ಟಬೇಕು, ಗೆದ್ದರೆ ವ್ಯಾಜ್ಯದ ಖರ್ಚಿನಲ್ಲಿ ಕೇಳಬಹುದು. ಬಿಲ್ಲು ಕೊಡದಿರುವುದೂ ಈ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯೇ. ಅಣ್ಣನ ಬಳಿ ಬಿಲ್ಲಿಲ್ಲದಿದ್ದರೆ ಯುಪಿಐ ಪಾವತಿಯ ದಾಖಲೆ ಹುಡುಕಿಸಿ.

ಮೊದಲು ಅಂಗಡಿಗೆ ಲಿಖಿತ ನೋಟಿಸು ಕಳುಹಿಸಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅಷ್ಟಕ್ಕೆ ಬಗ್ಗದಿದ್ದರೆ ನಿಮ್ಮ ಥಾಣೆ ಜಿಲ್ಲೆಯ ಗ್ರಾಹಕರ ಆಯೋಗಕ್ಕೆ ಹೋಗಿ; ಅಂಗಡಿ ಮುಂಬಯಿಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅವಧಿ ಎರಡು ವರ್ಷ. ಸರಕಿನ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಮಾಡಿಸಿದ ಪರೀಕ್ಷೆಯ ಜೊತೆಗೆ ಮುಂದೆ ಮಾಡಿಸಬೇಕಾದವನ್ನೂ ಡಾಕ್ಟರ ಚೀಟಿಯ ಆಧಾರದಲ್ಲಿ ದೂರಿನಲ್ಲೇ ಸೇರಿಸಿ. ಅಂಗಡಿಯವರು ಒಂದಿಷ್ಟು ಹಣ ಕೊಟ್ಟು "ಇನ್ನು ಯಾವ ಬಾಕಿಯೂ ಇಲ್ಲ" ಎಂಬ ಕಾಗದಕ್ಕೆ ಸಹಿ ಕೇಳಿದರೆ, ಎರಡನೆಯ ವರದಿ ಬರುವವರೆಗೆ ಪೆನ್ನು ಮುಟ್ಟಬೇಡಿ.

ಪ್ರಶ್ನೆ: ಆನ್‌ಲೈನಿನಲ್ಲಿ ತರಿಸಿದ ವಿದೇಶಿ ಆಟಿಕೆಯ ಬಣ್ಣ ಉದುರಿದ್ದರಿಂದ ಮೊಮ್ಮಗನಿಗೆ ಇಂಥದ್ದೇ ಪರೀಕ್ಷೆ ಮಾಡಿಸಿದೆವು. ದೇವರ ದಯೆ, ವರದಿ ಸರಿಯಾಗಿಯೇ ಬಂತು. ಖರ್ಚು ಕೇಳಬಹುದೇ? – ಹಿರಿಯ ಓದುಗರು, ಪುಣೆ

ಉತ್ತರ: ಕೇಳಬಹುದು, ಆದರೆ ದಾರಿ ಇಕ್ಕಟ್ಟು. ಕಾಯಿಲೆಯೇ ಇಲ್ಲದಿರುವಾಗ ಉತ್ಪನ್ನ ಹೊಣೆಗಾರಿಕೆಯ ಆ ಆರನೆಯ ಅಧ್ಯಾಯ ಅಷ್ಟಾಗಿ ಕೈಗೆ ಬರುವುದಿಲ್ಲ. ದೋಷವಿರುವ ಸರಕನ್ನು ಅಲಕ್ಷ್ಯದಿಂದ ಮಾರಿದ್ದರಿಂದ ಆದ ನಷ್ಟ ಎಂದು, ಆಟಿಕೆಯ ಬೆಲೆಯ ಜೊತೆ ಕೇಳುವುದು ಮೇಲು. ಇದೇ ತೊಡಕು ಅಮೆರಿಕದಲ್ಲೂ ಇದೆ: 1987ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟು ಕಲುಷಿತ ನೀರು ಕುಡಿದ ಊರಿನವರಿಗೆ, ಕಾಯಿಲೆ ಕಾಣದಿದ್ದರೂ, ವೈದ್ಯಕೀಯ ತಪಾಸಣೆಯ ಖರ್ಚನ್ನು ಒಪ್ಪಿತು, ಹತ್ತು ವರ್ಷದ ನಂತರ ಆ ದೇಶದ ಸುಪ್ರೀಂ ಕೋರ್ಟು ಆಸ್ಬೆಸ್ಟಾಸ್ ಧೂಳು ತಾಗಿಯೂ ರೋಗಲಕ್ಷಣವಿಲ್ಲದ ರೈಲ್ವೆ ಕೆಲಸಗಾರನಿಗೆ ಅಂಥ ಖರ್ಚನ್ನು ಇಡಿಗಂಟಾಗಿ ಕೊಡಲು ಒಪ್ಪಲಿಲ್ಲ. ನಮ್ಮ ಕಾಯ್ದೆಯಲ್ಲಿ ವೈದ್ಯಕೀಯ ತಪಾಸಣೆಯ ಖರ್ಚು ಎಂಬ ಹೆಸರಿನ ಪರಿಹಾರವನ್ನು ಬರೆದಿಲ್ಲ. ತಯಾರಕರು ವಿದೇಶದಲ್ಲಿರುವುದರ ಚಿಂತೆ ಬೇಡ. ಆಮದು ಮಾಡಿ ಮಾರುವವರೂ ಕಾಯ್ದೆಯ ಪ್ರಕಾರ ಮಾರಾಟಗಾರರೇ, ನೋಟಿಸನ್ನು ಅವರಿಗೇ ಕಳುಹಿಸಿ. ಪರೀಕ್ಷೆಯನ್ನು ಡಾಕ್ಟರು ಬರೆದುಕೊಟ್ಟಿದ್ದರೇ, ಅಥವಾ ನೀವೇ ಲ್ಯಾಬಿನ ಇಡೀ ಪ್ಯಾಕೇಜು ಮಾಡಿಸಿದಿರೇ ಎಂಬುದನ್ನು ಪತ್ರದಲ್ಲಿ ತಿಳಿಸಿಲ್ಲ. ಚೀಟಿ ಇದ್ದರೆ ಅದರಲ್ಲಿ ಬರೆದಷ್ಟನ್ನು ಮಾತ್ರ ಕೇಳಿ. ವಿಟಮಿನ್, ಥೈರಾಯ್ಡ್ ಎಲ್ಲ ಸೇರಿದ ಪ್ಯಾಕೇಜಿನ ಬಿಲ್ಲನ್ನು ಆಟಿಕೆಯ ತಲೆಗೆ ಕಟ್ಟಲಾಗದು.