ಶಾಲೆಯಲ್ಲಿ ಮಾತ್ರ ಮೌನವಾಗುವ ಮಗಳ ಕುರಿತು ಮಂಡ್ಯದ ತಾಯಿಗೆ ಪ್ರತಿಕ್ರಿಯೆ

ಮನೆಯಲ್ಲಿ ಅರಳು ಹುರಿದಂತೆ ಮಾತನಾಡುವ 5 ವರ್ಷದ ಮಗಳು ಶಾಲೆಯಲ್ಲಿ 4 ತಿಂಗಳಿಂದ ತುಟಿ ಬಿಚ್ಚಿಲ್ಲ, ಇದು ಹಟವೇ ಅಥವಾ ನಮ್ಮ ಅತಿಮುದ್ದಿನ ಫಲವೇ ಎಂದು ಕೇಳಿದ್ದೀರಿ. ನೀವು ವಿವರಿಸಿದ ಲಕ್ಷಣಗಳು ಸೆಲೆಕ್ಟಿವ್ ಮ್ಯೂಟಿಸಂ ಅನ್ನು, ಅಂದರೆ ಬೇರೆಡೆ ಮಾತನಾಡುವ ಮಗುವಿಗೆ ಕೆಲವು ಸಂದರ್ಭಗಳಲ್ಲಿ ಮಾತ್ರ ಮಾತೇ ಹೊರಡದ ಸ್ಥಿತಿಯನ್ನು, ಹೋಲುತ್ತವೆ. ಮಾನಸಿಕ ತೊಂದರೆಗಳನ್ನು ಗುರುತಿಸಲು ತಜ್ಞರು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿ ಅದನ್ನು ಆತಂಕದ ತೊಂದರೆಗಳ ಸಾಲಿನಲ್ಲಿಟ್ಟಿದೆ. ಹಾಗಾಗಿ ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ವಾಕ್ ತಜ್ಞರೂ ಮನಶ್ಶಾಸ್ತ್ರಜ್ಞರೂ ಇದ್ದಾರೆ; ಮಗಳನ್ನು ಅಲ್ಲಿ ತೋರಿಸಿ. ಮನೆಯಲ್ಲಿ ಅವಳು ಮಾತನಾಡುವ ವಿಡಿಯೊ ಒಂದನ್ನು ಜೊತೆಗೊಯ್ಯಿರಿ, ಏಕೆಂದರೆ ಅಲ್ಲಿಯೂ ಅವಳು ಮೌನವಾಗಿರಬಹುದು.

ತಜ್ಞರು ಸಾಮಾನ್ಯವಾಗಿ ಸೂಚಿಸುವ ಒಂದು ಕ್ರಮವೆಂದರೆ, ಶಾಲೆ ಬಿಟ್ಟ ಬಳಿಕ ಖಾಲಿ ತರಗತಿಯಲ್ಲಿ ನೀವಿಬ್ಬರೇ ಆಟವಾಡುತ್ತಿದ್ದು, ಅವಳ ಮಾತು ಸಲೀಸಾದ ಮೇಲೆ ಶಿಕ್ಷಕಿಯವರು ಮೊದಲು ಬಾಗಿಲ ಬಳಿ ಸುಮ್ಮನೆ ನಿಂತು, ದಿನಗಳು ಕಳೆದಂತೆ ಹತ್ತಿರ ಬಂದು, ಕೊನೆಗೆ ಆಟದಲ್ಲಿ ಸೇರಿಕೊಳ್ಳುವುದು. ಇದಕ್ಕೆ ಬಹಳ ತಾಳ್ಮೆ ಬೇಕು. ಆಮಿಷ, ಗದರಿಕೆ, ಬಂಧುಗಳ ಮುಂದೆ ‘ಮಾತಾಡು’ ಎಂಬ ಒತ್ತಾಯ ಆತಂಕವನ್ನು ಹೆಚ್ಚಿಸುತ್ತವೆ. ಅವಳ ಪರವಾಗಿ ಕೂಡಲೇ ಉತ್ತರಿಸದೆ ಸುಮಾರು 5 ಸೆಕೆಂಡು ಕಾಯಿರಿ.

ಇಂತಹ ಅನೇಕ ಮಕ್ಕಳು ಶೌಚಾಲಯಕ್ಕೆ ಹೋಗಬೇಕೆಂದೂ ಕೇಳಲಾರರು. ಅದಕ್ಕೊಂದು ಕಾರ್ಡನ್ನೋ ಕೈಸನ್ನೆಯನ್ನೋ ನಾಳೆಯೇ ಶಿಕ್ಷಕಿಯವರೊಡನೆ ಗೊತ್ತುಮಾಡಿಕೊಳ್ಳಿ.