ಮೂರು ತಿಂಗಳು ಅಮೆರಿಕಕ್ಕೆ ಹೋಗುವಾಗ ಮನೆಯ ಎರಡು ಬೆಕ್ಕುಗಳನ್ನು ಎಲ್ಲಿ ಬಿಡುವುದು? ದುಡ್ಡು ಕೊಟ್ಟು ಬೆಕ್ಕು ಬಿಟ್ಟುಹೋಗುವ ಬೋರ್ಡಿಂಗ್‌ನಲ್ಲೋ, ನೆಂಟರ ಮನೆಯಲ್ಲೋ?

ಎರಡೂ ಬೇಡ.

ಮಗಳ ಬಾಣಂತನ, ಮೂರು ತಿಂಗಳು, ಎರಡು ಬೆಕ್ಕು, ಟಿಕೆಟ್ ಆಗಿದೆ, ಬೆಕ್ಕಿನ ವ್ಯವಸ್ಥೆ ಮಾತ್ರ ಆಗಿಲ್ಲ. ನಿಮ್ಮ ಪ್ರಶ್ನೆ ಓದಿ, ಇದನ್ನು ನಾನೇ ಯಾವತ್ತೋ ಬರೆದಿದ್ದೆನಾ ಅನ್ನಿಸಿಬಿಟ್ಟಿತು. ನೀವು ಅಕ್ಟೋಬರ್‌ನಲ್ಲಿ ಹೊರಟಿದ್ದೀರಿ, ನಾವು 2023ರ ಜೂನ್‌ನಲ್ಲಿ ಹೊರಟಿದ್ದೆವು. ಅಷ್ಟೇ ವ್ಯತ್ಯಾಸ.

ನಮ್ಮದು ಮೈಸೂರು, ಕುವೆಂಪುನಗರ. ಮಗಳು ಇರುವುದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ಮನೆಯಲ್ಲಿ ಗುಂಡ ಮತ್ತು ಚಿನ್ನಿ. ಗುಂಡನಿಗೆ ಆಗ ಆರು ವರ್ಷ, 7 ಕಿಲೋ ತೂಕ. ಬಾಯಿ ಜೋರು, ಎದೆ ಪುಕ್ಕಲು. ಕುಕ್ಕರ್ ಕೂಗಿದರೆ ಬೀರು ಹಿಂದೆ ಓಡುವವನು. ಚಿನ್ನಿ ಅವನ ಅರ್ಧದಷ್ಟೂ ಇಲ್ಲ, ಆದರೆ ಮನೆಯ ಯಜಮಾನಿ ಅವಳೇ. ತನ್ನ ಪಾಲು ಮುಗಿಸುವ ಮೊದಲೇ ಅವನ ಪಾಲಿಗೆ ಮೂತಿ ಹಾಕುತ್ತಾಳೆ.

ನಾವೂ ನಿಮ್ಮ ಹಾಗೇ ಬೋರ್ಡಿಂಗ್ ವಿಚಾರಿಸಿದೆವು, ನಾದಿನಿ ಮನೆಗೆ ಬಿಡೋಣ ಅಂತಲೂ ಅಂದುಕೊಂಡೆವು. ಕೊನೆಗೆ ಮೇಲಿನ ಮನೆಯ ಬಾಡಿಗೆಯವರ ಮಗಳನ್ನು ಒಪ್ಪಿಸಿದೆವು. ಬಿಕಾಂ ಓದುವ ಹುಡುಗಿ, ಬೆಕ್ಕು ಅಂದರೆ ಜೀವ. ಬೆಳಗ್ಗೆ ಸಂಜೆ ಇಳಿದು ಬಂದು ಊಟ ಹಾಕೋದು, ನೀರು ಬದಲಾಯಿಸೋದು, ಮರಳಿನ ಟ್ರೇ ತೆಗೆಯೋದು. ದಿನಕ್ಕೆ 200 ರೂಪಾಯಿ. ಇದಕ್ಕಿಂತ ಒಳ್ಳೆ ವ್ಯವಸ್ಥೆ ಯಾರಿಗೆ ಸಿಗತ್ತೆ ಅಂತ ನಾನೇ ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದೆ.

ಹೊರಡುವ ದಿನ ಅವಳಿಗೆ ಎಲ್ಲ ತೋರಿಸಿದೆ. ಆಗ ಒಂದು ಮಾತು ಹೇಳಿದೆ. ಅದು ಇವತ್ತಿಗೂ ಕಿವಿಯಲ್ಲಿದೆ: "ಬೆಳಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಹಾಕಮ್ಮ. ತಟ್ಟೆ ಖಾಲಿ ಆಗಿದ್ರೆ ತಿಂದಿದ್ದಾವೆ ಅಂತ ಲೆಕ್ಕ."

ಈ ಮಾತೇ ನಮ್ಮನ್ನು ಮುಳುಗಿಸಿದ್ದು.

ನಮ್ಮ ಮನೆಯಲ್ಲಿ ಎರಡಕ್ಕೂ ಒಂದೇ ತಟ್ಟೆ. ಅಗಲವಾದ ಸ್ಟೀಲ್ ತಟ್ಟೆ, ಆರು ವರ್ಷದಿಂದ ಅದೇ. ಎರಡೂ ತಿನ್ನುತ್ತಿದ್ದವು, ಏನೂ ತೊಂದರೆ ಇರಲಿಲ್ಲ. ಯಾಕೆ ಇರಲಿಲ್ಲ ಅಂತ ನಾನು ಯೋಚಿಸಿರಲೇ ಇಲ್ಲ. ಅವು ತಿನ್ನುವ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ತರಕಾರಿ ಹೆಚ್ಚುತ್ತಿರುತ್ತೇನೆ. ಚಿನ್ನಿ ಮುಂದೆ ನುಗ್ಗಿದರೆ ಕಾಲಿನಿಂದ ಮೆಲ್ಲಗೆ ಹಿಂದಕ್ಕೆ ತಳ್ಳುತ್ತೇನೆ. ಮತ್ತೆ ನುಗ್ಗುತ್ತಾಳೆ, ಮತ್ತೆ ತಳ್ಳುತ್ತೇನೆ. ಬೀನ್ಸ್ ಹೆಚ್ಚುತ್ತಾ, ರೇಡಿಯೋ ಕೇಳುತ್ತಾ, ಗೊತ್ತೇ ಆಗದ ಹಾಗೆ. ಗುಂಡ ಆರು ವರ್ಷ ಹೊಟ್ಟೆ ತುಂಬ ತಿಂದಿದ್ದು ನನ್ನ ಬಲಗಾಲಿನ ಪುಣ್ಯ. ಆ ಕಾಲು ಈಗ ವಿಮಾನ ಹತ್ತಿತ್ತು. ಕಾಲಿನಲ್ಲಿ ತಳ್ಳಬೇಕು ಅಂತ ಆ ಹುಡುಗಿಗೆ ಹೇಳಬೇಕಿತ್ತು, ಅಲ್ವಾ? ಆದರೆ ನಾನು ತಳ್ಳುತ್ತೇನೆ ಅನ್ನೋದೇ ನನಗೆ ಗೊತ್ತಿರಲಿಲ್ಲ.

ಅವಳು ಪಾಪ, ದಿನಾ ಬೆಳಗ್ಗೆ ಎಂಟಕ್ಕೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸುತ್ತಿದ್ದಳು. ನಮಗೆ ಅಲ್ಲಿ ಹಿಂದಿನ ದಿನದ ರಾತ್ರಿ ಏಳೂವರೆ. ಊಟ ಮಾಡುತ್ತಾ ನೋಡುತ್ತಿದ್ದೆವು. ಖಾಲಿ ತಟ್ಟೆ, ಪಕ್ಕದಲ್ಲಿ ಮೂತಿ ನೆಕ್ಕಿಕೊಳ್ಳುವ ಚಿನ್ನಿ. "ಎಲ್ಲ ಖಾಲಿ ಆಂಟಿ" ಅಂತ ಒಂದು ಸಾಲು. ನಾವು ಖುಷಿಯಾಗಿ ಹೆಬ್ಬೆರಳು ಒತ್ತುತ್ತಿದ್ದೆವು. ಎಂಟು ದಿನ ಹೀಗೇ ಹೋಯಿತು.

ಎಂಟನೇ ದಿನ ಮಗಳ ಸ್ನೇಹಿತೆಗೆ ಬೆಕ್ಕುಗಳನ್ನು ತೋರಿಸೋಣ ಅಂತ ಫೋಟೋ ಎಲ್ಲ ಹಿಂದಕ್ಕೆ ಜರುಗಿಸುತ್ತಾ ಹೋದೆ. ಚಿನ್ನಿ, ಚಿನ್ನಿ, ಚಿನ್ನಿ. ಒಂದರಲ್ಲೂ ಗುಂಡ ಇಲ್ಲ. ಒಂದು ಫೋಟೋದ ಮೂಲೆಯಲ್ಲಿ, ಅಡುಗೆಮನೆ ಕಿಟಕಿಯ ಸರಳಿನ ಮಧ್ಯೆ ಒಂದು ಕರಿ ಬಾಲ ಇತ್ತು. ನಮ್ಮೆರಡಕ್ಕೂ ಕರಿ ಬಾಲ ಇಲ್ಲ. ಚಿನ್ನಿ ಬಿಟ್ಟಿದ್ದನ್ನು ಬೀದಿ ಬೆಕ್ಕು ಬಂದು ಮುಗಿಸುತ್ತಿತ್ತು. ತಟ್ಟೆ ಖಾಲಿ ಆಗದೆ ಇನ್ನೇನಾಗತ್ತೆ!

ತಕ್ಷಣ ಫೋನ್ ಮಾಡಿದೆ. "ಗುಂಡ ಎಲ್ಲಮ್ಮ?" "ಬೀರು ಹಿಂದೆ ಮಲಗಿರ್ತಾನೆ ಆಂಟಿ, ಕರೆದ್ರೆ ಬರಲ್ಲ. ನಿಮ್ಮನ್ನ ನೆನೆಸ್ಕೊಳ್ತಿದ್ದಾನೆ ಅನ್ಸತ್ತೆ." ವಿಡಿಯೋ ಹಾಕಿಸಿ, ಬೀರು ಹಿಂದೆ ಟಾರ್ಚ್ ಬಿಡಿಸಿದೆ. ಅವನು ತಲೆ ಎತ್ತಲಿಲ್ಲ, ಕಿವಿ ಮಾತ್ರ ಸ್ವಲ್ಪ ತಿರುಗಿಸಿದ. ಕಿವಿಯ ಒಳಗೆ ಗುಲಾಬಿ ಬಣ್ಣ ಇರತ್ತಲ್ಲ, ಅಲ್ಲಿ ಅರಿಶಿನ ಬಳಿದ ಹಾಗಿತ್ತು. ಮೊದಲು ಟಾರ್ಚ್ ಬೆಳಕು ಅಂದುಕೊಂಡೆ. ತುಟಿ ಎತ್ತಿ ತೋರಿಸು ಅಂದೆ. ವಸಡೂ ಹಳದಿ.

ಇದನ್ನು ದಯವಿಟ್ಟು ನಿಮ್ಮ ಮನೆಯವರಿಗೂ ಓದಿ ಹೇಳಿ. ನಾಯಿ ಎರಡು ದಿನ ತಿನ್ನದಿದ್ದರೆ ಸಾಮಾನ್ಯವಾಗಿ ತಡೆದುಕೊಳ್ಳತ್ತೆ. ಬೆಕ್ಕು ಹಾಗಲ್ಲ. ಏಕಾದಶಿ ಉಪವಾಸ ಬೆಕ್ಕಿಗೆ ಆಗಿಬರಲ್ಲ. ಊಟ ನಿಂತರೆ ಮೈಯಲ್ಲಿರುವ ಕೊಬ್ಬೆಲ್ಲ ಕರಗಿ ಪಿತ್ತಜನಕಾಂಗಕ್ಕೆ ಬಂದು ತುಂಬಿಕೊಳ್ಳತ್ತೆ. ಬೆಕ್ಕಿನ ಲಿವರ್‌ಗೆ ಅಷ್ಟು ಕೊಬ್ಬನ್ನು ಅರಗಿಸುವ ಶಕ್ತಿ ಇಲ್ಲ, ಅದೇ ಕೆಟ್ಟು ಕೂರತ್ತೆ. ಫ್ಯಾಟಿ ಲಿವರ್, ಆಮೇಲೆ ಕಾಮಾಲೆ. ಎರಡು ಮೂರು ದಿನದ ಉಪವಾಸಕ್ಕೇ ಶುರುವಾಗಬಹುದು. ದಪ್ಪ ಬೆಕ್ಕಿಗೆ ಅಪಾಯ ಇನ್ನೂ ಜಾಸ್ತಿ. "ಮೈಯಲ್ಲಿ ಇದೆಯಲ್ಲ, ನಾಲ್ಕು ದಿನ ತಿನ್ನದಿದ್ರೆ ಏನಾಗತ್ತೆ" ಅಂತ ನಾವು ಅಂದುಕೊಳ್ಳೋದು ಪೂರ್ತಿ ಉಲ್ಟಾ.

ಇನ್ನು ಆಸ್ಪತ್ರೆ ಕಥೆ. ಅರಿವಳಿಕೆ ಕೊಟ್ಟು ಕತ್ತಿನ ಹತ್ತಿರದಿಂದ ಅನ್ನನಾಳಕ್ಕೆ ಟ್ಯೂಬ್ ಇಡಬೇಕು ಅಂದರು ಡಾಕ್ಟರ್. ಅದಕ್ಕೆ ಮಾಲೀಕರ ಸಹಿ ಬೇಕು, ಅಡ್ವಾನ್ಸ್ ಕಟ್ಟಬೇಕು. ಕರೆದುಕೊಂಡು ಹೋಗಿದ್ದವಳು ಹತ್ತೊಂಬತ್ತು ವರ್ಷದ ಹುಡುಗಿ. ಮಂಡ್ಯದಿಂದ ನನ್ನ ತಮ್ಮ ಬಂದು ಸಹಿ ಹಾಕುವಷ್ಟರಲ್ಲಿ ಅರ್ಧ ದಿನ ಹೋಯಿತು. ಗುಂಡನ ತೂಕ 5.8 ಕಿಲೋಗೆ ಇಳಿದಿತ್ತು. ಟ್ಯೂಬ್ ಇಟ್ಟಮೇಲೆ ಮನೆಯಲ್ಲಿ ದಿನಕ್ಕೆ ಐದು ಸಲ ಸಿರಿಂಜಿನಲ್ಲಿ ಊಟ ಕೊಡಬೇಕು, ವಾರಗಟ್ಟಲೆ. ಹುಡುಗಿಗೆ ಪರೀಕ್ಷೆ ಹತ್ತಿರ ಬಂದಿತ್ತು.

ನಮ್ಮ ಮನೆಯವರು ಒಂದು ಸಂಜೆ ಸುಮ್ನೆ ಕೂತಿದ್ದರು. ಆಮೇಲೆ "ನೀನು ಇರು, ನಾನು ಹೋಗ್ತೀನಿ" ಅಂದರು. ಟಿಕೆಟ್ ಬದಲಾಯಿಸಿ ಹತ್ತನೇ ದಿನ ವಾಪಸ್ ಹೊರಟೇಬಿಟ್ಟರು. ಹದಿನೇಳನೇ ದಿನ ಮೊಮ್ಮಗ ಹುಟ್ಟಿದ. ನಾನು ಅಮೆರಿಕದಿಂದ ವಿಡಿಯೋ ಕಾಲ್ ಮಾಡಿ ಮಗು ತೋರಿಸಿದರೆ, ಮೈಸೂರಿನಲ್ಲಿ ಅವರ ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಗುಂಡ. ಎರಡು ಕಡೆಯೂ ಸುತ್ತಿಟ್ಟ ಮಗು. ಮಗಳು ನಕ್ಕಳು, ಆಮೇಲೆ ಅತ್ತಳು. ನಾಮಕರಣಕ್ಕೂ ಅಜ್ಜ ಇಲ್ಲ.

ಆರು ವಾರ ಅವರು ಆ ಕೆಲಸ ಮಾಡಿದರು. ಡಾಕ್ಟರ್ ಹೇಳಿದ ಆಹಾರವನ್ನು ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ಸೋಸಿ, ಟ್ಯೂಬಿಗೆ ಮೊದಲು ಸ್ವಲ್ಪ ನೀರು, ಆಮೇಲೆ ಊಟ, ಆಮೇಲೆ ಮತ್ತೆ ನೀರು, ಇಲ್ಲದಿದ್ದರೆ ಟ್ಯೂಬ್ ಕಟ್ಟಿಕೊಳ್ಳತ್ತೆ. (ಅದಕ್ಕೆ ಬೇರೆ ಜಾರ್ ತಗೊಳ್ಳಿ ಅಂತ ಹೇಳಿದ್ದೆ. ವಾಪಸ್ ಬಂದು ನೋಡಿದರೆ ನನ್ನ ಚಟ್ನಿ ಜಾರ್!) ಆಸ್ಪತ್ರೆ, ಔಷಧಿ, ಆಹಾರ ಸೇರಿ 38,000 ರೂಪಾಯಿ ಆಯಿತು, ಟಿಕೆಟ್ ಬದಲಾಯಿಸಿದ ದುಡ್ಡು ಬೇರೆ. ಗುಂಡ ಬದುಕಿದ. ಈಗಲೂ ಇದ್ದಾನೆ, ಇದನ್ನು ಟೈಪ್ ಮಾಡುವಾಗ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದಾನೆ. ಆ ಹುಡುಗಿಯದು ಒಂದು ಚೂರೂ ತಪ್ಪಿಲ್ಲ. ನಾನು ಹೇಳಿದ್ದನ್ನು ಅಕ್ಷರಶಃ ಮಾಡಿದಳು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬೋರ್ಡಿಂಗ್ ಯಾಕೆ ಬೇಡ? ನಾಯಿ ಯಜಮಾನನ ಹಿಂದೆ ಹೋಗತ್ತೆ, ಬೆಕ್ಕು ಮನೆಗೆ ಅಂಟಿಕೊಂಡಿರತ್ತೆ. ಹಳ್ಳಿಯಲ್ಲಿ ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ ದೂರ ಬಿಟ್ಟುಬಂದರೆ ನಮಗಿಂತ ಮೊದಲೇ ಮನೆ ಸೇರಿರತ್ತೆ ಅಂತಾರಲ್ಲ, ಸುಮ್ನೆ ಅಲ್ಲ. ಹೊಸ ಜಾಗ, ಪಕ್ಕದ ಗೂಡಿನಲ್ಲಿ ಬೊಗಳುವ ನಾಯಿ, ಇಂಥ ಕಡೆ ಗುಂಡನಂಥ ಪುಕ್ಕಲು ಬೆಕ್ಕು ಊಟ ಬಿಡೋದೇ ಹೆಚ್ಚು. ಊಟ ಬಿಟ್ಟರೆ ಏನಾಗತ್ತೆ ಅಂತ ಈಗ ಹೇಳಿದೆನಲ್ಲ. ಸಾಲದ್ದಕ್ಕೆ ಪ್ಯಾನ್‌ಲ್ಯುಕೋಪೀನಿಯಾ ಅಂತ ಬೆಕ್ಕಿನ ಒಂದು ವೈರಸ್ ಇದೆ, ಅದು ಗೂಡಿನಲ್ಲಿ, ನೆಲದಲ್ಲಿ ತಿಂಗಳುಗಟ್ಟಲೆ ಉಳಿಯತ್ತೆ. ಒಳ್ಳೆಯ ಬೋರ್ಡಿಂಗ್‌ಗಳೂ ಇರಬಹುದು, ನಾಲ್ಕು ದಿನಕ್ಕಾದರೆ ಸರಿ. ಮೂರು ತಿಂಗಳಿಗೆ ನಾನಂತೂ ಬಿಡಲ್ಲ.

ನೆಂಟರ ಮನೆ ಅದಕ್ಕಿಂತ ಕಷ್ಟ. ಯಾರೋ ಬಾಗಿಲು ತೆಗೆದಿಟ್ಟರು, ಬೆಕ್ಕು ಹಳೇ ಮನೆ ಹುಡುಕಿಕೊಂಡು ಹೊರಟಿತು, ಮುಗೀತು. ಆಮೇಲೆ ಬೆಕ್ಕೂ ಇಲ್ಲ, ನೆಂಟಸ್ತನವೂ ಇಲ್ಲ.

"ಆಟೋಮ್ಯಾಟಿಕ್ ಫೀಡರ್ ಮತ್ತು ಕ್ಯಾಮೆರಾ ಸಾಕಾ" ಅಂತಲೂ ಕೇಳಿದ್ದೀರಿ. ಎಷ್ಟು ಹಾಕಿದೆ ಅಂತ ಫೀಡರ್ ಹೇಳತ್ತೆ, ಯಾರು ತಿಂದರು ಅಂತ ಹೇಳಲ್ಲ. ನಾನು ಮಾಡಿದ ತಪ್ಪನ್ನೇ ಅದು ಕರೆಂಟ್ ಬಳಸಿ ಮಾಡತ್ತೆ. ಕ್ಯಾಮೆರಾದಲ್ಲಿ ಬೀರು ಹಿಂಭಾಗ ಕಾಣಲ್ಲ.

ಮನೆಯಲ್ಲೇ ಇರಲಿ ಅಂದರೆ ದಿನಕ್ಕೆ ಎರಡು ಸಲ ಬಂದುಹೋಗುವವರು ಸಾಕು ಅಂತಲ್ಲ. ನಮಗೆ ಅದೇ ಆಗಿದ್ದು. ಮೂರು ತಿಂಗಳಿಗೆ ಯಾರಾದರೂ ನಿಮ್ಮ ಮನೆಯಲ್ಲಿ ಬಂದು ಇರಬೇಕು, ರಾತ್ರಿ ಮಲಗಬೇಕು. 2025ರಲ್ಲಿ ಮತ್ತೆ ಹೋಗಬೇಕಾದಾಗ ನಾವು ಹಾಗೇ ಮಾಡಿದೆವು. ನಮ್ಮವರ ಚಿಕ್ಕಮ್ಮನ ಮಗ ಮೈಸೂರಿನಲ್ಲೇ ಕೆಲಸ, ಪಿಜಿಯಲ್ಲಿದ್ದ. "ಮೂರು ತಿಂಗಳು ಪಿಜಿ ದುಡ್ಡು ಉಳಿಸಿಕೊಳ್ಳಪ್ಪ, ಮನೆ ನಿನ್ನದೇ, ಬೆಕ್ಕು ನೋಡ್ಕೊ" ಅಂದೆವು. "ಅತ್ತಿಗೆ, ವೈಫೈ ಇದೆಯಾ" ಅಂತ ಒಂದೇ ಪ್ರಶ್ನೆ ಕೇಳಿದ. ಬಂದುಬಿಟ್ಟ. ನಿಮ್ಮ ಕಡೆಯೂ ಇಂಥವರು ಒಬ್ಬರು ಇದ್ದೇ ಇರುತ್ತಾರೆ, ಹುಡುಕಿ.

ಅವನಿಗೆ ಎರಡು ತಟ್ಟೆ ಕೊಟ್ಟು, ಎರಡು ಕೋಣೆ ತೋರಿಸಿದೆ. ಗುಂಡನನ್ನು ಕೋಣೆಗೆ ಬಿಟ್ಟು ಬಾಗಿಲು ಹಾಕು, ಇಪ್ಪತ್ತು ನಿಮಿಷ ಬಿಟ್ಟು ತೆಗಿ. ತಟ್ಟೆಯ ಫೋಟೋ ಬೇಡವೇ ಬೇಡ, ಗುಂಡ ಬಾಯಿ ಹಾಕಿ ತಿನ್ನುವ ಹತ್ತು ಸೆಕೆಂಡ್ ವಿಡಿಯೋ ಕಳಿಸು. ಭಾನುವಾರ ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲು, ಆಮೇಲೆ ನೀನೊಬ್ಬನೇ ನಿಲ್ಲು, ಕಳೆದು ಬರೆದಿಡು. ಒಂದು ದಿನ ಪೂರ್ತಿ ತಿನ್ನದಿದ್ದರೆ ನಾಳೆ ನೋಡೋಣ ಅನ್ನಬೇಡ, ಡಾಕ್ಟರಿಗೆ ಫೋನ್ ಮಾಡು. ಟ್ರೇನೂ ಎರಡು ಇಟ್ಟಿದ್ದೆ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಜೀವಕ್ಕೇ ಅಪಾಯ. ಪದೇ ಪದೇ ಟ್ರೇಗೆ ಹೋಗಿ ಮುಕ್ಕರಿದು ಏನೂ ಬರದಿದ್ದರೆ ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ.

ಹೊರಡುವ ಮೊದಲು ಟ್ರೈಕ್ಯಾಟ್ (ಪ್ಯಾನ್‌ಲ್ಯುಕೋಪೀನಿಯಾ ಸೇರಿ ಬೆಕ್ಕಿನ ಮೂರು ರೋಗಕ್ಕೆ ಒಂದೇ ಲಸಿಕೆ) ಮತ್ತು ರೇಬೀಸ್ ಲಸಿಕೆ ಹಾಕಿಸಿದೆವು. ಡಾಕ್ಟರ್ ಹತ್ತಿರ ಹೋಗಿ "ಇವನು ಹೇಳಿದ ಚಿಕಿತ್ಸೆಗೆ ನಮ್ಮ ಒಪ್ಪಿಗೆ ಇದೆ" ಅಂತ ಬರೆದು ಸಹಿ ಹಾಕಿ, 10,000 ರೂಪಾಯಿ ಮುಂಗಡ ಕಟ್ಟಿದೆವು. ಖರ್ಚಾಗಲಿಲ್ಲ, ವಾಪಸ್ ಬಂತು. ಅಡುಗೆಮನೆ ಕಿಟಕಿಗೆ ಜಾಲರಿ ಹಾಕಿಸಿದೆವು, ಆ ಕರಿ ಬಾಲಕ್ಕೆ ನಮಸ್ಕಾರ. ಫಿನಾಯಿಲ್ ಡಬ್ಬ ಮೇಲಿನ ಮನೆಗೆ ಕೊಟ್ಟುಬಿಟ್ಟೆ. ಬೆಕ್ಕು ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಳ್ಳತ್ತೆ, ಫಿನಾಯಿಲ್ ಅದಕ್ಕೆ ವಿಷ. ಪ್ಯಾರಾಸಿಟಮಾಲ್ ಇನ್ನೂ ದೊಡ್ಡ ವಿಷ. "ಮೈ ಬಿಸಿ ಇತ್ತು, ಅರ್ಧ ಮಾತ್ರೆ ಹಾಕಿದೆ" ಅಂತ ಯಾರೂ ಹೇಳುವ ಹಾಗಾಗಬಾರದು. ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ.

ನಿಮ್ಮದು ಅಕ್ಟೋಬರ್ ಅಂದಿರಿ. ದೀಪಾವಳಿ ನಡುವೆ ಬರತ್ತೆ. ಪಟಾಕಿಗೆ ಬೆಕ್ಕು ಎರಡು ದಿನ ಮಂಚದ ಕೆಳಗೆ ಸೇರತ್ತೆ, ಸರಿಯಾಗಿ ಅದೇ ಎರಡು ದಿನ ನಿಮ್ಮ ಮನೆ ನೋಡಿಕೊಳ್ಳುವವರು ಹಬ್ಬಕ್ಕೆ ಊರಿಗೆ ಹೊರಡುತ್ತಾರೆ. ಇವತ್ತೇ ಕೇಳಿಟ್ಟುಕೊಳ್ಳಿ. ಊರಿಗೆ ಹೋಗೋದಾದರೆ ಆ ದಿನಗಳಿಗೆ ಇನ್ನೊಬ್ಬರು ಬೇಕು, ಅವರಿಗೂ ಎರಡು ತಟ್ಟೆಯ ಕಥೆ ಗೊತ್ತಿರಬೇಕು.

"ಕಡಿಮೆ ಖರ್ಚಿನಲ್ಲಿ" ಅಂದಿದ್ದೀರಿ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. 38,000ದ ಲೆಕ್ಕ ಮೇಲೆ ಕೊಟ್ಟಿದ್ದೇನೆ.

ಹೊರಡುವುದಕ್ಕೆ ಒಂದು ವಾರ ಮೊದಲೇ ಅವರನ್ನು ಮನೆಗೆ ಕರೆಸಿ, ನೀವು ಇರುವಾಗಲೇ ಅವರ ಕೈಯಲ್ಲಿ ಊಟ ಹಾಕಿಸಿ. ನೀವು ಆ ಕಡೆ ಕುರ್ಚಿ ಹಾಕಿಕೊಂಡು, ಕೈ ಕಟ್ಟಿ, ಕಾಲು ಮಡಚಿ ಮೇಲಿಟ್ಟುಕೊಂಡು ಸುಮ್ನೆ ನೋಡಿ. ನಿಮಗೆ ಎದ್ದು ಹೋಗಿ ಏನೋ ಒಂದು ಸರಿ ಮಾಡಬೇಕು ಅನ್ನಿಸತ್ತೆ. ಅದೇನು ಅಂತ ಬರೆದುಕೊಳ್ಳಿ, ಅದನ್ನು ಅವರಿಗೆ ಹೇಳಿ.