ಟಿಕೇಟು ಪುಕ್ಕಟೆ, ಮೈ ಪುಕ್ಕಟೆಯಲ್ಲ

ಈ ವಾರದ ಪತ್ರಗಳಲ್ಲಿ ಒಂದನ್ನು ಓದಿದವಳು ಎದ್ದು ಹೋಗಿ, ಒಂದು ಲೋಟ ಮಜ್ಜಿಗೆ ಕುಡಿದು ಬಂದು, ಮತ್ತೊಮ್ಮೆ ಓದಿದೆ. ಮಜ್ಜಿಗೆಯಿಂದ ಏನೂ ಪ್ರಯೋಜನವಾಗಲಿಲ್ಲ. ಉಳಿದ ಪತ್ರದವರು ಮುಂದಿನ ವಾರದವರೆಗೆ ತಾಳಿಕೊಳ್ಳಬೇಕು.

ಬರೆದವರು ‘ನಡುದಾರಿಯವಳು, ಹುಬ್ಬಳ್ಳಿ’ ಎಂದು ಸಹಿ ಹಾಕಿದ್ದಾರೆ. ವಯಸ್ಸು 36. ಹನ್ನೊಂದು ವರ್ಷ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು, ಈಗ ಕಾರವಾರದ ಸರ್ಕಾರಿ ಆಸ್ಪತ್ರೆಗೆ ಆಯ್ಕೆಯಾಗಿದ್ದಾರೆ. ಯಜಮಾನರು ಶಿರಸಿ ಕಡೆಯವರು. ಅವರಿಗೂ ಅದೇ ಹೊತ್ತಿಗೆ ಶಿರಸಿಯ ಒಂದು ಸಹಕಾರಿ ಸಂಘದಲ್ಲಿ ಲೆಕ್ಕಪತ್ರದ ಕೆಲಸ ಸಿಕ್ಕಿದೆ. ಎಂಟನೇ ಮುಗಿಸಿದ ಮಗಳು, ಮೂರನೇ ಮುಗಿಸಿದ ಮಗ, 71ರ ಅತ್ತೆ. ಶಾಲೆ ಶುರುವಾಗುವುದರೊಳಗೆ ಮನೆ ಬದಲಾಗಬೇಕು. ಎಲ್ಲಿಗೆ ಎಂಬುದನ್ನು ಯಜಮಾನರ ಅಣ್ಣ, ಅಂದರೆ ಇವರ ಭಾವ, ತೀರ್ಮಾನಿಸಿಬಿಟ್ಟಿದ್ದಾರೆ: ಕುಮಟಾಕ್ಕೆ. ಅಷ್ಟಕ್ಕೇ ಬಿಡದೆ ಅಲ್ಲೊಂದು ಮನೆ ನೋಡಿ 20,000 ರೂಪಾಯಿ ಮುಂಗಡವನ್ನೂ ಕೊಟ್ಟು ಬಂದಿದ್ದಾರೆ. ಅವರ ಲೆಕ್ಕ ಇದು: ಅಲ್ಲಿಂದ ಕಾರವಾರಕ್ಕೆ ಸುಮಾರು 70 ಕಿ.ಮೀ., ಶಿರಸಿಗೆ 60. ಇಬ್ಬರಿಗೂ ಸಮ. ಬಾಡಿಗೆ ಕಾರವಾರಕ್ಕಿಂತ 5,000 ಕಡಿಮೆ. ಮೇಲಿಂದ ‘ನಿಂಗೆ ಹೇಗೂ ಬಸ್ಸು ಪುಕ್ಕಟೆ’ ಎಂದಿದ್ದಾರಂತೆ.

ಪತ್ರದ ಕೊನೆಗೆ ಕೇಳಿರುವ ಪ್ರಶ್ನೆ ಇಷ್ಟು: ಕುಮಟಾಕ್ಕೆ ಹೋದರೆ ಮಗಳ ಎಸ್ಸೆಸ್ಸೆಲ್ಸಿಗೆ ತೊಂದರೆಯಾದೀತೇ, ಅತ್ತೆಗೆ ಸೆಖೆ ಒಗ್ಗೀತೇ?

ತಂಗೀ, ಶಾಲೆ ಮತ್ತು ಸೆಖೆ ಹಾಗಿರಲಿ. ನಿಮ್ಮ ಪತ್ರದ ಮೂರನೇ ಪುಟದಲ್ಲಿ, ಅತ್ತೆಯ ಮಂಡಿನೋವಿಗೂ ಮಗನ ಕ್ರಿಕೆಟ್ಟಿಗೂ ನಡುವೆ, ಒಂದು ಸಾಲಿದೆ. ‘ಸಂಜೆ ಪಾಳಿಯ ದಿನ ಬಸ್ಸು ಸಿಗದಿದ್ದರೆ ಆಸ್ಪತ್ರೆಯಲ್ಲೇ ಎಲ್ಲಾದರೂ ಮಲಗಿ ಬೆಳಿಗ್ಗೆ ಬರುತ್ತೇನೆ, ಅದೇನೂ ದೊಡ್ಡದಲ್ಲ.’

ನಾನು ಎದ್ದು ಮಜ್ಜಿಗೆಗೆ ಹೋದದ್ದು ಈ ಸಾಲಿಗೆ.

ನಿಮ್ಮ ಪಾಳಿ ನೀವೇ ಬರೆದಂತೆ ಬೆಳಿಗ್ಗೆ 8ರಿಂದ 2, 2ರಿಂದ ರಾತ್ರಿ 8, ರಾತ್ರಿ 8ರಿಂದ ಬೆಳಿಗ್ಗೆ 8. ಎಂಟಕ್ಕೆ ಮುಗಿಯುವುದು ಕಾಗದದ ಮೇಲೆ. ಮುಂದಿನವಳು ಬಂದು, ಹ್ಯಾಂಡೋವರ್ ಆಗಿ, ಸೀರೆಯೋ ಚೂಡಿದಾರವೋ ಬದಲಿಸಿ ಹೊರಬೀಳುವಾಗ ಎಂಟೂವರೆ. ಆಗ ಹೊರಟ ಬಸ್ಸು ಅಂಕೋಲೆ ದಾಟಿ ಕುಮಟಾ ಮುಟ್ಟುವಾಗ ಹತ್ತು ದಾಟಿರುತ್ತದೆ, ಅದೂ ಬಸ್ಸು ಇದ್ದರೆ. ಮರುದಿನ ಬೆಳಗಿನ ಪಾಳಿಯಾದರೆ ಐದೂವರೆಗೆ ಮನೆ ಬಿಡಬೇಕು. ಮಗಳ ಡಬ್ಬಿ ಯಾವಾಗ ಕಟ್ಟುತ್ತೀರಿ? ಅಲ್ಲ, ನೀವು ಯಾವಾಗ ಮಲಗುತ್ತೀರಿ? ಇನ್ನು ನಿಮ್ಮ ಯಜಮಾನರಿಗೆ ದಿನಾ ಹತ್ತರಿಂದ ಐದೂವರೆ, ಭಾನುವಾರ ರಜೆ. ಒಬ್ಬರದು ಗಡಿಯಾರಕ್ಕೆ ಕಟ್ಟಿದ ಕೆಲಸ, ಇನ್ನೊಬ್ಬರದು ವಾರಕ್ಕೊಮ್ಮೆ ತಿರುಗುವ ಚಕ್ರ. ಇದಕ್ಕೆ ಹಗ್ಗ ಹಿಡಿದು ಅಳೆದು ‘ಸಮ’ ಎಂದವರಿಗೆ ಆ ಹಗ್ಗವನ್ನೇ ಉಡುಗೊರೆಯಾಗಿ ಕೊಡಬೇಕು.

ಈ ಅಂಕಣ ಓದುವವರಿಗೆ ನನ್ನ ಹಳೇ ರಗಳೆ ಗೊತ್ತಿದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ಕೊನೇ ಬಸ್ಸಿನಲ್ಲಿ ಅಳೆಯಿರಿ. ಮತ್ತೆ, ಮನೆಯನ್ನು ಜನವರಿಯಲ್ಲಿ ನೋಡಿ ಒಪ್ಪಬೇಡಿ. ಆಷಾಢದಲ್ಲಿ ಅದು ಹೇಗಿರುತ್ತದೆ ಎಂದು ಪಕ್ಕದ ಮನೆಯವರನ್ನು ಕೇಳಿ. ನಿಮ್ಮ ಭಾವ ಮನೆ ನೋಡಿದ್ದು ಶಿವರಾತ್ರಿಯ ಮರುದಿನ ಎಂದು ಬರೆದಿದ್ದೀರಿ. ಬಿಸಿಲಲ್ಲಿ ಯಾವ ರಸ್ತೆಯೂ ಚೆಂದ.

ಕುಮಟಾದಿಂದ ಎರಡು ರಸ್ತೆ. ಶಿರಸಿಯ ಕಡೆ ಹೊರಟರೆ ದೇವಿಮನೆ ಘಟ್ಟ. ಅಗಲೀಕರಣಕ್ಕೆಂದು ಅಲ್ಲಿ ಗುಡ್ಡ ಕಡಿದ ಮೇಲೆ ಮಳೆಗಾಲದಲ್ಲಿ ದರೆ ಜರಿಯುವುದು ಯಾರಿಗೂ ಸುದ್ದಿಯಾಗಿ ಉಳಿದಿಲ್ಲ. ಕಾಮಗಾರಿಗೆಂದೇ ಬಂದ್ ಮಾಡಿ, ಸಿದ್ದಾಪುರದ ಮೇಲೋ ಯಲ್ಲಾಪುರದ ಮೇಲೋ ಸುತ್ತಿ ಹೋಗಿ ಎಂದದ್ದೂ ಇದೆ. ಕಾರವಾರದ ಕಡೆ ಹೊರಟರೆ ಹೆದ್ದಾರಿ 66, ಅದರಲ್ಲಿ ಅಂಕೋಲೆಗಿಂತ ಮೊದಲು ಶಿರೂರು. 2024ರ ಜುಲೈ 16ರ ಬೆಳಿಗ್ಗೆ ಅಲ್ಲಿ ಗುಡ್ಡ ಇಳಿದು ರಸ್ತೆ, ರಸ್ತೆಬದಿಯ ಚಹಾ ಅಂಗಡಿ, ಅಂಗಡಿಯ ಸಂಸಾರ, ನಿಂತ ಲಾರಿ ಎಲ್ಲವನ್ನೂ ಗಂಗಾವಳಿ ನದಿಗೆ ತಳ್ಳಿತು. ಆ ದಾರಿಯಲ್ಲಿ ಓಡಾಡುವವರಿಗೆ ಇದನ್ನು ನೆನಪಿಸಬೇಕಾಗಿಲ್ಲ. ನಾನು ಹೆದರಿಸುತ್ತಿಲ್ಲ, ಸಾವಿರಾರು ಜನ ದಿನಾ ಹೋಗಿಬರುತ್ತಾರೆ. ಆದರೆ ಗಂಡ ಒಂದು ಗುಡ್ಡದ ಆಚೆ, ಹೆಂಡತಿ ಇನ್ನೊಂದು ಗುಡ್ಡದ ಆಚೆ, ನಡುವಿನ ಊರಲ್ಲಿ ಮಂಡಿನೋವಿನ ಅಜ್ಜಿಯ ಜೊತೆ ಇಬ್ಬರು ಮಕ್ಕಳು: ಒಂದು ಜೋರು ಮಳೆಯ ಸಂಜೆಗೆ ಈ ಚಿತ್ರವನ್ನು ಇಟ್ಟು ನೋಡಿ.

ರೈಲು ಇದೆಯಲ್ಲ ಎನ್ನುತ್ತೀರಿ. ಇದೆ. 1998ರಿಂದ ಕೊಂಕಣ ರೈಲ್ವೆ ನಮ್ಮ ಕರಾವಳಿಯವರ ಪುಣ್ಯ. ಆದರೆ ಅದಕ್ಕೆ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ. ಮೇ ತಿಂಗಳಲ್ಲಿ ನಿಮ್ಮ ಪಾಳಿಗೆ ಹೊಂದಿದ ಗಾಡಿ ಜೂನ್ ಕಳೆಯುವಾಗ ಹೊಂದಬೇಕೆಂದಿಲ್ಲ. ಕಾರವಾರದ ಸ್ಟೇಷನ್ ಇರುವುದು ಶಿರವಾಡದಲ್ಲಿ, ಪೇಟೆಯೊಳಗಲ್ಲ. ಅಲ್ಲಿಂದ ಆಟೋ.

ಈಗ ಆ ಪುಕ್ಕಟೆ ಬಸ್ಸಿನ ವಿಷಯ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. ಎಷ್ಟೋ ಹೆಂಗಸರು ಯಾರನ್ನೂ ಹಣ ಕೇಳದೆ ತವರಿಗೆ ಹೋಗಿಬರುವಂತಾಯಿತು. ಆದರೆ ಅದನ್ನು ಮುಂದೆ ಮಾಡಿ ಮನೆಯ ಹೆಣ್ಣನ್ನು ದಿನಕ್ಕೆ 140 ಕಿ.ಮೀ. ಓಡಿಸಬಹುದು ಎಂದು ಲೆಕ್ಕ ಹಾಕುವ ಗಂಡಸರೂ ಇರುತ್ತಾರೆ ಎಂದು ನನಗೆ ಹೊಳೆದಿರಲಿಲ್ಲ. ಟಿಕೇಟು ಪುಕ್ಕಟೆ. ಸೊಂಟ ಪುಕ್ಕಟೆಯಲ್ಲ, ನಿದ್ದೆ ಪುಕ್ಕಟೆಯಲ್ಲ. ರಾತ್ರಿಯಿಡೀ ಹದಿನೈದು ಇಪ್ಪತ್ತು ಹಾಸಿಗೆಗಳ ನಡುವೆ ಓಡಾಡಿ, ಬೆಳಿಗ್ಗೆ ಕಂಬ ಹಿಡಿದು ನಿಂತು ಬರುವವಳಿಗೆ ನಿರ್ವಾಹಕ ಸೊನ್ನೆ ರೂಪಾಯಿ ಚೀಟಿ ಹರಿದು ಕೊಟ್ಟರೆ ಕಾಲುನೋವು ಕಡಿಮೆಯಾಗುತ್ತದೆಯೇ? ಭಾವನವರು ಒಂದು ವಾರ ಓಡಾಡಿ ನೋಡಲಿ. ಅವರ ಟಿಕೇಟಿಗೆ ನಾನು ದುಡ್ಡು ಕೊಡುತ್ತೇನೆ.

ನನ್ನ ಸಿಟ್ಟಿಗೆ ಸ್ವಂತದ ಕಾರಣವೂ ಇದೆ, ಮುಚ್ಚಿಡುವುದೇಕೆ. ಮದುವೆಯಾದ ಹೊಸತರಲ್ಲಿ ನನ್ನ ಕೆಲಸ ಕಾರವಾರದಲ್ಲಿ, ಇವರದು ಯಲ್ಲಾಪುರದಲ್ಲಿ. ಹಿರಿಯರೆಲ್ಲ ಕೂಡಿ ಅಂಕೋಲೆಯಲ್ಲಿ ಮನೆ ಮಾಡಿಸಿದರು. ಎರಡು ವರ್ಷ ಇದ್ದೆವು. ಅಂಕೋಲೆಯ ವಾರದ ಸಂತೆಯನ್ನು ನಾನು ಒಂದು ಸಲವೂ ನೋಡಲಿಲ್ಲ. ಮನೆಯ ಕೀಲಿ ನಮಗಿಂತ ಹೆಚ್ಚು ಹೊತ್ತು ಎದುರುಮನೆಯ ಮೊಳೆಗೆ ತೂಗುತ್ತಿತ್ತು. ಇವರು ಅರಬೈಲು ಘಟ್ಟ ಇಳಿದು ಬರುವಾಗ ನಾನು ಮಲಗಿರುತ್ತಿದ್ದೆ, ನಾನು ಹೊರಡುವಾಗ ಅವರು. ಕಡೆಗೆ ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಅಕಸ್ಮಾತ್ ಸಿಕ್ಕಿ ಇಬ್ಬರೂ ನಕ್ಕು, ಅಲ್ಲೇ ಚಹಾ ಕುಡಿಯುತ್ತ ಮನೆ ಬಿಡುವ ಮಾತು ಆಡಿದೆವು. ಇಬ್ಬರಿಗೂ ಸಮ ದೂರದ ಊರು ಇಬ್ಬರಿಗೂ ಊರಾಗಲಿಲ್ಲ.

ಶಿರಸಿಯಲ್ಲೇ ಎಲ್ಲರೂ ಇದ್ದು ನೀವು ಕಾರವಾರಕ್ಕೆ ಓಡಾಡುವುದು ಮಾತಿಗೂ ಬೇಡ. ಹಾಗಾದರೆ ಕಾರವಾರ. ಮನೆ ಇರಬೇಕಾದದ್ದು ರಾತ್ರಿ ಪಾಳಿ ಇರುವವರ ಕೆಲಸದ ಬಳಿ. ಈ ಜಾಗದಲ್ಲಿ ನಿಮ್ಮ ಯಜಮಾನರು ನರ್ಸ್, ನೀವು ಲೆಕ್ಕಪತ್ರದವರಾಗಿದ್ದರೂ ಇದನ್ನೇ ಹೇಳುತ್ತಿದ್ದೆ. ಬಾಡಿಗೆ ಹೆಚ್ಚು, ನಿಜ. ಆ 5,000ವನ್ನು ನಿಮ್ಮ ನಿದ್ದೆಯ ಖರ್ಚು ಎಂದು ಬರೆದಿಡಿ. ಅಗ್ಗಕ್ಕೆ ಸಿಕ್ಕಿತೆಂದು ಕಾಳಿ ನದಿ ದಾಟಿ ಸದಾಶಿವಗಡಕ್ಕೆ ಹೋಗಬೇಡಿ. ಊರು ಒಳ್ಳೆಯದೇ, ಆದರೆ 2024ರ ಆಗಸ್ಟಿನಲ್ಲಿ ಹಳೇ ಸೇತುವೆ ನಡುರಾತ್ರಿ ನದಿಗೆ ಬಿದ್ದದ್ದು ನೆನಪಿರಲಿ. ಪಾಳಿಯ ಕೆಲಸದವರಿಗೂ ಆಸ್ಪತ್ರೆಗೂ ನಡುವೆ ನದಿ ಇರಬಾರದು. ಹಬ್ಬುವಾಡ, ಕಾಜುಬಾಗ, ಕೋಡಿಬಾಗ ಎಲ್ಲೇ ಆಗಲಿ, ಆಸ್ಪತ್ರೆಯಿಂದ ನಡೆದು ಮುಟ್ಟುವಂತಿರಬೇಕು, ಮನೆಯ ಮಾಲೀಕರು ಕೆಳಗೇ ವಾಸವಿರಬೇಕು. ನಿಮ್ಮ ರಾತ್ರಿ ಪಾಳಿಯಲ್ಲಿ ಮಕ್ಕಳು ಕೂಗಿದರೆ ಯಾರಿಗಾದರೂ ಕೇಳಬೇಕಲ್ಲ. ಮಗಳ ಓದಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ: ಹೇಗೂ ಊರು ಬದಲಿಸುವುದಾದರೆ ಒಂಬತ್ತಕ್ಕೇ ಬದಲಿಸಿಬಿಡಿ, ಹತ್ತಕ್ಕೆ ಬೇಡ. ಮಗ ಆರು ತಿಂಗಳಲ್ಲಿ ಕೊಂಕಣಿ ಮಾತಾಡುತ್ತಾನೆ, ಅದೂ ಒಂದು ಲಾಭ.

ಅತ್ತೆಯವರ ವಿಷಯಕ್ಕೆ ನನ್ನ ಮನಸ್ಸು ನಿಮಗಿಂತ ಒಂದು ತೂಕ ಹೆಚ್ಚೇ ಕರಗಿತು, ಬೇಸರಿಸಬೇಡಿ. ‘ಉಪ್ಪುಗಾಳಿ ನನಗಾಗದು’ ಎನ್ನುತ್ತಾರಂತೆ. ಗಾಳಿಯದಲ್ಲ ತಂಗೀ ಅದು. ಹನ್ನೊಂದು ವರ್ಷ ಹುಬ್ಬಳ್ಳಿಯ ಎರಡು ಕೋಣೆಯಲ್ಲಿ ನಿಮ್ಮ ಮಕ್ಕಳನ್ನು ಬೆಳೆಸಿಕೊಟ್ಟಾಕೆ, ಈಗ ಘಟ್ಟದ ಹತ್ತಿರ ಬಂದೂ ಜಗುಲಿಯ ಮೇಲೆ ಕೂತು ಎಲೆಅಡಿಕೆಯ ಕವಳ ಹಾಕುತ್ತ ನಾಲ್ಕು ಮಾತಾಡುವ ಯೋಗವಿಲ್ಲ ಎಂದರೆ ಗಂಟಲು ಕಟ್ಟುವುದಿಲ್ಲವೇ? ಅವರನ್ನು ಕೇಳಿ. ರಾತ್ರಿ ಪಾಳಿಯ ವಾರ ಕಾರವಾರದಲ್ಲಿರಲಿ, ಉಳಿದ ವಾರ ಮಗನ ಜೊತೆ ಮೇಲೆ ಹೋಗಲಿ.

ಮೇಲೆ ಎಂದರೆ ಎಲ್ಲಿಗೆ? ಇಲ್ಲಿ ನಿಮ್ಮ ಪತ್ರದ ಇನ್ನೊಂದು ಸಾಲಿಗೆ ಬರುತ್ತೇನೆ. ‘ಊರಮನೆ ಶಿರಸಿಯಿಂದ ಎಂಟೇ ಕಿಲೋಮೀಟರು, ಆದರೆ ಅಲ್ಲಿ ಇರುವ ಮಾತು ಬೇಡ ಎಂದು ಭಾವ ಮೊದಲೇ ಹೇಳಿದ್ದಾರೆ.’ ನಾಲ್ಕು ಅಂಕಣದ ಮನೆ, ತೋಟ, ಅಡಿಕೆಯ ಕೊನೆಕೊಯ್ಲಿಗೆ ಹಣ ಕಳಿಸಿ ಎಂದು ಪ್ರತಿ ವರ್ಷ ತಮ್ಮನಿಗೆ ಬರುವ ಫೋನು, ಎಲ್ಲವನ್ನೂ ನೀವೇ ಬರೆದಿದ್ದೀರಿ. ಶಿರಸಿಯಲ್ಲಿ ಕೆಲಸ ಸಿಕ್ಕ ತಮ್ಮ ಸಹಜವಾಗಿ ಎಲ್ಲಿ ಉಳಿಯಬೇಕು? ಅಷ್ಟು ಹತ್ತಿರದ ಮನೆ ಬಿಟ್ಟು 60 ಕಿ.ಮೀ. ಕೆಳಗೆ ಬಾಡಿಗೆ ಮನೆ ಹುಡುಕಿ, ಕೈಯಿಂದ ಮುಂಗಡ ಕೊಡುವಷ್ಟು ಉತ್ಸಾಹ ಅಣ್ಣನಿಗೆ ಯಾಕೆ ಬಂತು? ನಾನು ಯಾರ ಮೇಲೂ ಅಪವಾದ ಹೊರಿಸುತ್ತಿಲ್ಲ. ನಿಮ್ಮ ಯಜಮಾನರು ಒಮ್ಮೆ ಕೂತು ಯೋಚಿಸಲಿ. ಇಷ್ಟು ಪುಟದಲ್ಲಿ ಅವರ ಬಾಯಿಂದ ಒಂದೇ ಒಂದು ಮಾತನ್ನೂ ನೀವು ಬರೆದಿಲ್ಲ ಎಂಬುದನ್ನೂ ಗಮನಿಸಿದ್ದೇನೆ.

ಸೋಮವಾರ ಬೆಳಗಿನ ಜಾವ ಅವರು ಘಟ್ಟ ಹತ್ತಲಿ, ಶನಿವಾರ ಸಂಜೆ ಇಳಿಯಲಿ. ವಾರಕ್ಕೊಮ್ಮೆಯಾದರೆ ದೇವಿಮನೆ ಮುಚ್ಚಿದ್ದರೂ ಯಲ್ಲಾಪುರದ ಮೇಲೆ ಸುತ್ತಿ ಬರಬಹುದು. ಖಾಸಗಿ ಸಂಸ್ಥೆಯ ಲೆಕ್ಕಪತ್ರದ ಕೆಲಸ ಮುಂದೆ ಕಾರವಾರದಲ್ಲೂ ಕುಮಟಾದಲ್ಲೂ ಹುಡುಕಬಹುದು. ಪ್ರೊಬೇಷನ್ ಮುಗಿಯದ ನಿಮ್ಮ ಕೆಲಸವನ್ನು ಅಲುಗಿಸುವ ಹಾಗಿಲ್ಲ.

ನೀವು ಮಾಡಬೇಕಾದದ್ದು ಒಂದೇ. ಬರುವ ಭಾನುವಾರ ಇಬ್ಬರೂ ಕಾರವಾರಕ್ಕೆ ಹೋಗಿ. ರಾತ್ರಿ ಎಂಟೂವರೆಗೆ ಆಸ್ಪತ್ರೆಯ ಗೇಟಿನಿಂದ ಹೊರಟು, ದಣಿದವರ ಹೆಜ್ಜೆಯಲ್ಲಿ, ಇಪ್ಪತ್ತು ನಿಮಿಷ ನಡೆಯಿರಿ. ಅಷ್ಟರೊಳಗೆ ಸಿಗುವ ಬೀದಿಗಳಲ್ಲಿ ಮಾತ್ರ ಮನೆ ಕೇಳಿ, ಅದರಾಚೆ ಅರಮನೆ ಸಿಕ್ಕರೂ ಬೇಡ.

ಕುಮಟಾದ 20,000 ಹೋಯಿತು ಎಂದು ಭಾವ ಗೊಣಗಿದರೆ ಆ ಹಣವನ್ನು ನಿಮ್ಮ ಯಜಮಾನರು ತಾವೇ ಹೋಗಿ ಅವರ ಕೈಗೆ ಕೊಟ್ಟು ಬರಲಿ. ಕೊಡುವಾಗ ಊರಮನೆಯ ಪಡಸಾಲೆಯ ಪಕ್ಕದ ಕೋಣೆಯ ಕೀಲಿಯನ್ನೂ ಕೇಳಲಿ.